ಬೋಜನ ಕೆಂಪು ಟ್ಯಾಗು

ಬೋಜನಿಗೆ ಹೊಟ್ಟೆಕಿಚ್ಚು ಹತ್ತಿದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ತನಗೆ ಆ ರೋಗವೇ ಇಲ್ಲ ಎಂದು ಅವನು ನಂಬಿಕೊಂಡಿದ್ದ. ಜೊತೆಗೆ ಗಲ್ಫಿಗೆ ಬಂದವರು ಊರಲ್ಲಿ ತಾರಸಿ ಮನೆ ಕಟ್ಟಿಸಿದರು, ಕಾರಿನ ಮೇಲೆ ಕಾರು ಬದಲಾಯಿಸಿದರು, ಕೆಲವರು ಕೆನಡಾಕ್ಕೆ ಹಾರಿಯೂ ಹೋದರು. ಬೋಜ ಮಾತ್ರ ದೋಹಾದ ಅಲ್ ಥುಮಾಮಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹಾಯಾಗಿ ಗೊರಕೆ ಹೊಡೆದ. ಕೊನೆಗೆ ಅವನ ನಿದ್ದೆ ಕೆಡಿಸಿದ್ದು ಒಂದು ಬೆಟ್ಟ. ಅದೂ ಎಲ್ಲಿಯ ಬೆಟ್ಟ? ದೋಸೆಕಲ್ಲಿನಂತೆ ಚಪ್ಪಟೆಯಾದ ಕತಾರಿನಲ್ಲಿ ಕೂತವನಿಗೆ ಇಟಲಿಯ ಬೆಟ್ಟ! ನಿಜ ಹೇಳಬೇಕೆಂದರೆ ಪಾಪ, ಬೆಟ್ಟದ ತಪ್ಪೇನೂ ಇರಲಿಲ್ಲ. ಬೋಜನ ಪ್ರಕಾರ ತಪ್ಪೆಲ್ಲ ವಿನಯ್‌ನದು.

ವಿನಯ್ ಮೈಸೂರಿನವನು. ಅಲ್ ರಯ್ಯಾನಿನಲ್ಲಿ ಮನೆ, ದೋಹಾದ ಎತ್ತರದ ಕಟ್ಟಡವೊಂದರಲ್ಲಿ ಎಸಿ ಕೆಳಗೆ ಕೂತು ಮಾಡುವ ಕೆಲಸ. ಮೂರು ವರ್ಷದ ಹಿಂದೆ ರಜೆಯಲ್ಲಿ ಆಲ್ಪ್ಸ್‌ಗೆ ಹೋಗಿ, ಗ್ರಾನ್ ಪರಡೀಸೊ ಎಂಬ ನಾಲ್ಕು ಸಾವಿರ ಮೀಟರಿನ ಹಿಮದ ಶಿಖರವನ್ನು ಗೈಡ್ ಜೊತೆಗೆ ಹತ್ತಿ ಬಂದಿದ್ದ. ಒಂದೇ ಒಂದು ಬೆಟ್ಟ. ಅದರ ಬಲದ ಮೇಲೆ ಈಗ ಕನ್ನಡ ಸಂಘದ ಯುವ ಘಟಕದಿಂದ ಆರು ಮಂದಿಯನ್ನು ಆರಿಸಿ, ಜುಲೈಯಲ್ಲಿ ಅದೇ ಶಿಖರಕ್ಕೆ ಕರೆದುಕೊಂಡು ಹೋಗಲು ಹೊರಟಿದ್ದ. ಆ ಆರರಲ್ಲಿ ಒಬ್ಬಳು ಅವನ ಮಗಳು ಸಂಜನಾ. ಇನ್ನೊಬ್ಬ, ಹನ್ನೆರಡನೇ ಕ್ಲಾಸಿನ ಪರೀಕ್ಷೆಗೆ ಕೂತಿದ್ದ ಬೋಜನ ಮಗ ಕೃತಿಕ್.

ಅಂದಿನಿಂದ ಮನೆಯಲ್ಲಿ ಬೆಳಗಾದರೆ ವಿನಯ್ ಅಂಕಲ್, ಸಂಜೆಯಾದರೆ ವಿನಯ್ ಅಂಕಲ್. ವಿನಯ್ ಅಂಕಲ್ ಹೇಳಿದರೆಂದು ಕೃತಿಕ್ ಲಿಫ್ಟ್ ಬಿಟ್ಟ. ಅಮ್ಮ ಶರ್ಮಿಳಾ ತಂದಿಟ್ಟ ಕುಚ್ಚಲಕ್ಕಿಯ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಏಳು ಮಹಡಿ ಹತ್ತಿ ಇಳಿದು ಮತ್ತೆ ಹತ್ತಿದ. ವಿನಯ್ ಅಂಕಲ್ ಹೇಳಿದರೆಂದು ಕೋಕ್ ಬಿಟ್ಟ. ಹಲ್ಲು ಹಾಳಾಗುತ್ತದೆ ಮಾರಾಯ ಎಂದು ಬೋಜ ಹತ್ತು ವರ್ಷ ಬಡಕೊಂಡಾಗ ಬಿಡದ ಕೋಕ್ ಅದು. ಕೋಕ್ ಇಲ್ಲದ ಆ ಫ್ರಿಜ್ಜನ್ನು ನೋಡಿದಾಗಲೆಲ್ಲ ಬೋಜನಿಗೆ ಒಳಗೊಳಗೇ ಉರಿಯುತ್ತಿತ್ತು.

ಇಷ್ಟಕ್ಕೂ ಬೋಜನ ಕೆಲಸ ಎಂಥದ್ದು? ದೋಹಾದ ಆಚೆಯ ಕೈಗಾರಿಕಾ ಪಟ್ಟಣ ಮೆಸಯೀದಿನ ಒಂದು ಪ್ಲಾಂಟಿನಲ್ಲಿ ಅವನು ಗೇರ್ ಇನ್ಸ್‌ಪೆಕ್ಟರ್. ಕ್ರೇನಿಗೆ ಕಟ್ಟುವ ಹಗ್ಗ, ಸರಪಳಿ, ಎತ್ತರದಲ್ಲಿ ದುಡಿಯುವವರು ಮೈಗೆ ಬಿಗಿದುಕೊಳ್ಳುವ ಹಾರ್ನೆಸ್ಸಿನ ಪಟ್ಟಿಗಳು, ಇವೆಲ್ಲ ಅವನ ಕೈ ದಾಟದೆ ನೆಲ ಬಿಟ್ಟು ಏಳುವಂತಿಲ್ಲ. ಸರಿಯಿದ್ದರೆ ಹಸಿರು ಟ್ಯಾಗು ಕಟ್ಟುತ್ತಾನೆ, ಇಲ್ಲದಿದ್ದರೆ ಕೆಂಪು. ಕೆಂಪಿಗೆ ಒಂದು ನಿಯಮವಿದೆ: ಕಟ್ಟಿದವನೇ ಬಿಚ್ಚಬೇಕು. ಮ್ಯಾನೇಜರ್ ಬಂದು ಕುಣಿದರೂ ಅದನ್ನು ಮುಟ್ಟುವಂತಿಲ್ಲ. ಇಪ್ಪತ್ತೆರಡು ವರ್ಷ ಬೋಜ ಈ ಕೆಲಸವನ್ನು ಪೂಜೆಯ ಹಾಗೆ ಮಾಡಿದ್ದ. ಆದರೆ ಮನೆಯಲ್ಲಿ ಬಾಯಿ ಬಿಟ್ಟವನಲ್ಲ. ಕಂಪನಿ ಬಸ್ಸಿನಿಂದ ಇಳಿದು, ಸ್ನಾನ ಮುಗಿಸಿ, ಉಂಡು ಟೀವಿ ಮುಂದೆ ಕೂತರೆ ಅವನ ದಿನ ಖಲಾಸ್. ಅಪ್ಪನ ಕೆಲಸ ಏನೆಂದು ಮಗ ಕೇಳಲಿಲ್ಲ, ಇವನೂ ಹೇಳಲಿಲ್ಲ. ಕೇಳದಿದ್ದುದು ತನಗೆ ನೋವು ಎಂದು ಅವನಿಗೆ ಗೊತ್ತಾದದ್ದೇ ಆ ಫೆಬ್ರವರಿಯ ಶುಕ್ರವಾರ, ಮೆಸಯೀದಿನ ಆಚೆಯ ಮರಳ ದಿಬ್ಬಗಳ ಬುಡದಲ್ಲಿ.

ಅಂದು ಮಕ್ಕಳಿಗೆ ದಿಬ್ಬ ಹತ್ತುವ ಅಭ್ಯಾಸ. ಅಪ್ಪ ಅಮ್ಮಂದಿರು ಟಿಫಿನ್ ಡಬ್ಬಿಗಳ ಜೊತೆ ಚಾಪೆ ಹಾಸಿ ಕೂತಿದ್ದರು. ವಿನಯ್ ತೊಡೆಯ ಮೇಲೆ ತನ್ನ ಹಾರ್ನೆಸ್ ಇಟ್ಟುಕೊಂಡು ಏನೋ ವಿವರಿಸುತ್ತ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಲು ಹೋಗಿ, ಅರ್ಧ ಲೋಟ ಅದರ ಮೇಲೇ ಚೆಲ್ಲಿಕೊಂಡ. ಪಕ್ಕದಲ್ಲಿದ್ದ ಬೋಜನೇ ಟಿಶ್ಯೂ ಕೊಟ್ಟ. ಅಷ್ಟರಲ್ಲಿ ಕೃತಿಕ್ ದಿಬ್ಬದಿಂದ ಜಾರಿಕೊಂಡು ಇಳಿದು ಬಂದ. ಕೈಯಲ್ಲಿ ಒಂದು ಮಾರು ಹಗ್ಗ.

"ಪಪ್ಪ, ಇಲ್ಲಿ ನೋಡಿ. ಇದಕ್ಕೆ ಫಿಗರ್ ಏಯ್ಟ್ ಅಂತ ಹೇಳುದು. ವಿನಯ್ ಅಂಕಲ್ ಕಲಿಸಿದ್ದು. ಎಷ್ಟು ಎಳೆದ್ರೂ ಬಿಚ್ಚುದಿಲ್ಲ. ನೀವು ಟ್ರೈ ಮಾಡ್ತೀರಾ? ಈಸಿ ಉಂಟು, ನಾನು ಹೇಳಿ ಕೊಡ್ತೇನೆ."

ಆ ಎಂಟರಾಕಾರದ ಗಂಟನ್ನು ಬೋಜ ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ, ಗ್ಲೌಸ್ ಹಾಕಿಕೊಂಡು ಹಾಕುತ್ತಿದ್ದ. ನೂರಾರು ಹುಡುಗರಿಗೆ ಕಲಿಸಿದ್ದ. ಹಾಗೆಂದು ಹೇಳಬಹುದಿತ್ತು. ಅದರ ಬದಲು, "ಆಯ್ತು ಆಯ್ತು, ಮೊದ್ಲು ಊಟ ಮಾಡು," ಎಂದ. ವಿನಯ್ ಎದ್ದು ಹೋಗಿ ಹುಡುಗನ ಗಂಟನ್ನು ಎಳೆದು ನೋಡಿ, "ಶಭಾಷ್ ಮರಿ!" ಎಂದು ಬೆನ್ನು ತಟ್ಟಿದ. ಕೃತಿಕ್‌ನ ಮುಖ ಅರಳಿತು. ತನ್ನ ಮಗ ಇನ್ನೊಬ್ಬನ ಬಾಯಲ್ಲಿ ಮರಿಯಾದದ್ದು ಬೋಜನಿಗೆ ಸಹಿಸಲಾಗಲಿಲ್ಲ. ಅವನು ತಂದಿದ್ದ ನೀರುದೋಸೆ ಅಂದು ಅವನಿಗೇ ಸೇರಲಿಲ್ಲ.

ಮೇ ತಿಂಗಳಲ್ಲಿ ವಿನಯ್ ಇನ್ನೊಂದು ಕೆಲಸ ಮಾಡಿದ. ತನ್ನ ಆ ಹಾರ್ನೆಸ್ಸನ್ನು, ಅಂದರೆ ಶಿಖರಕ್ಕೆ ಕಟ್ಟಿಕೊಂಡು ಹೋಗಿದ್ದ ಅದೇ ನೀಲಿ ಪಟ್ಟಿಗಳನ್ನು, ಕೃತಿಕ್‌ಗೆ ಕೊಟ್ಟುಬಿಟ್ಟ. ಜೊತೆಗೆ ಕೊಂಡಿದ್ದ ಇನ್ನೊಂದನ್ನು ಸಂಜನಾಗೆ ಕೊಟ್ಟ. ತನಗೆ ಅಲ್ಲಿಯೇ ಬಾಡಿಗೆಗೆ ಸಿಗುತ್ತದೆ ಎಂದ. ಸ್ವಂತ ಸಾಮಾನು ತರುವವರು ತಿಳಿದವರಿಂದ ಪರೀಕ್ಷೆ ಮಾಡಿಸಿ ತರಬೇಕೆಂದು ಇಟಲಿಯ ಗೈಡುಗಳು ಬರೆದಿದ್ದರು.

"ನಿಮ್ಮ ಮನೇಲೇ ಇನ್ಸ್‌ಪೆಕ್ಟರ್ ಇದ್ದಾರಲ್ಲ ಅಂತ ಹೇಳಿದ್ರು ಅಂಕಲ್," ಎಂದು ಕೃತಿಕ್ ಅದನ್ನು ಅಪ್ಪನ ಮುಂದಿಟ್ಟ. "ಪಪ್ಪ, ಇದು ಸಮಿಟ್‌ವರೆಗೆ ಹೋಗಿ ಬಂದದ್ದು, ಗೊತ್ತುಂಟಾ?" ದೇವರ ಕೋಣೆಯಿಂದ ತಂದ ವಸ್ತುವನ್ನು ಹಿಡಿದ ಹಾಗೆ ಹಿಡಿದಿದ್ದ.

ಶನಿವಾರ ಮಧ್ಯಾಹ್ನ, ಮಗ ಹೊರಗೆ ಹೋಗಿದ್ದಾಗ, ಬೋಜ ಕಿಟಕಿಯ ಬೆಳಕಿನಲ್ಲಿ ಹಾರ್ನೆಸ್ ಹರಡಿಕೊಂಡು ಕೂತ. ಹೊಲಿಗೆ ಹೊಲಿಗೆಯನ್ನೂ ಉಗುರಲ್ಲಿ ಕೆದಕಿ ನೋಡಿದ. ಬಕಲ್ ತಿಕ್ಕಿ, ಪಟ್ಟಿ ಮಡಚಿ, ಎಳೆದು, ಭೂತಗನ್ನಡಿ ಹಿಡಿದು ನೋಡಿದ. ಏನಾದರೂ ಸಿಕ್ಕಲಿ ಎಂದು ಮನಸ್ಸು ಹಪಹಪಿಸುತ್ತಿತ್ತು. ಏನೂ ಸಿಗಲಿಲ್ಲ. ಹಾಳಾದ ಮನುಷ್ಯ, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾನೆ! ತೊಡೆಯ ಪಟ್ಟಿಯಲ್ಲಿ ಬೆರಳಗಲದ ಒಂದು ಕಂದು ಕಲೆ ಮಾತ್ರ ಇತ್ತು. ಅದು ಕಾಫಿಯದು. ಚೆಲ್ಲಿದಾಗ ಟಿಶ್ಯೂ ಕೊಟ್ಟವನೇ ಇವನು.

ಬೋಜನ ವೃತ್ತಿಯಲ್ಲಿ ಗೊತ್ತಿಲ್ಲದ ಕಲೆ ಎಂದರೆ ಸಾವು. ಬ್ಯಾಟರಿಯ ಆಸಿಡ್ ಸೋಕಿದ ಪಟ್ಟಿ ನೋಡಲಿಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಭಾರ ಬಿದ್ದಾಗ ಕಾಗದದ ಹಾಗೆ ಹರಿಯುತ್ತದೆ. ಆದ್ದರಿಂದ ಏನೆಂದು ತಿಳಿಯದ ಕಲೆ ಕಂಡರೆ ಕೆಂಪು. ಆದರೆ ಈ ಕಲೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬ್ಯಾಗಿನಿಂದ ಕೆಂಪು ಟ್ಯಾಗು ತೆಗೆದ. 'ಕೆಮಿಕಲ್ ಕಲೆ. ಬಳಸಬಾರದು' ಎಂದು ಇಂಗ್ಲಿಷಿನಲ್ಲಿ ಬರೆದು, ತಾರೀಕು ಹಾಕಿ, ಸಹಿ ಮಾಡಿ ಬಿಗಿದ. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಕಟ್ಟಿದ ಮೊದಲ ಸುಳ್ಳು ಟ್ಯಾಗು ಅದು. ಕಟ್ಟಿ ಮುಗಿಸಿದಾಗ ಮೈಯೆಲ್ಲ ತಂಪಾಯಿತು.

ಕೃತಿಕ್ ವಾದ ಮಾಡುತ್ತಾನೆ, ಮುಖ ಊದಿಸಿಕೊಳ್ಳುತ್ತಾನೆ ಎಂದು ಬೋಜ ಎಣಿಸಿದ್ದ. ಹುಡುಗ ಟ್ಯಾಗನ್ನು ಓದಿದ, ಸಹಿಯನ್ನು ಬೆರಳಿನಿಂದ ಮುಟ್ಟಿದ.

"ಆಸಿಡಾ ಪಪ್ಪ?"

"ಇರ್ಬಹುದು. ಕಾರಿನ ಡಿಕ್ಕಿಯಲ್ಲಿ ಇಟ್ಟದ್ದಲ್ವಾ ಅವ್ರು? ಅಲ್ಲಿ ಬ್ಯಾಟರಿ ಏನಾದ್ರೂ ಇತ್ತೋ ಏನೋ. ನಾವು ಹೊಸತು ತೆಗೊಳ್ಳುವ. ನಾನೇ ಬರ್ತೇನೆ ಅಂಗಡಿಗೆ."

"ಓಕೆ ಪಪ್ಪ," ಎಂದ ಕೃತಿಕ್. ಅಷ್ಟೇ. ಎರಡು ದಿನ ಬೋಜ ಹಾಡು ಗುನುಗಿಕೊಂಡು ಓಡಾಡಿದ. ಶರ್ಮಿಳಾ, "ಎಂತ ಇವತ್ತು ಭಾರಿ ಖುಷಿಯಲ್ಲಿ ಇದ್ದೀರಿ?" ಎಂದು ಕೇಳಿದ್ದಕ್ಕೆ, "ಎಂತದೂ ಇಲ್ಲ," ಎಂದ.

ಮಂಗಳವಾರ ಪ್ಲಾಂಟಿನ ಚಹಾ ವಿರಾಮದಲ್ಲಿ ವಿನಯ್‌ನ ಫೋನು ಬಂತು.

"ಬೋಜ ಅವ್ರೇ, ನಿಮ್ ಹುಡ್ಗನ್ನ ಸ್ವಲ್ಪ ಸಮಾಧಾನ ಮಾಡಿ ಸಾರ್. ನನ್ ಕೈಲಿ ಆಗ್ತಿಲ್ಲ."

ಆದದ್ದು ಇಷ್ಟು. ಹಿಂದಿನ ದಿನ ಸಂಜೆ ಮೆಟ್ಟಿಲು ಹತ್ತುವ ಅಭ್ಯಾಸಕ್ಕೆ ಕೃತಿಕ್ ಕೆಂಪು ಟ್ಯಾಗಿನ ಹಾರ್ನೆಸ್ಸನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಹೋಗಿದ್ದ. ಸಂಜನಾಳ ಹಾರ್ನೆಸ್ಸೂ ಅದೇ ಡಿಕ್ಕಿಯಲ್ಲಿ ಇದ್ದದ್ದು, ಹಗ್ಗವೂ ಅಲ್ಲಿಯೇ ಇದ್ದದ್ದು, ಯಾವುದನ್ನೂ ಯಾರೂ ಮುಟ್ಟಬಾರದು ಎಂದು ಹೇಳಿದ್ದ. ಅದು ಕಾಫಿ ಕಲೆ ಮರಿ ಎಂದು ವಿನಯ್ ನಕ್ಕಿದ್ದ. ಆ ನಗು ಹುಡುಗನ ತಲೆ ಕೆಡಿಸಿತ್ತು.

"ಏನಂದ ಗೊತ್ತಾ ಸಾರ್? 'ನನ್ ಪಪ್ಪ ಕೆಂಪು ಟ್ಯಾಗ್ ಕಟ್ಟಿದ್ರೆ ಅದು ಕೆಂಪೇ. ಪ್ಲಾಂಟ್ ಶಟ್‌ಡೌನ್ ಟೈಮಲ್ಲಿ ಮ್ಯಾನೇಜರ್ ಬೈದ್ರೂ ಆರು ಗಂಟೆ ಕ್ರೇನ್ ನಿಲ್ಲಿಸಿದೋರು ಅವ್ರು. ಮೂರು ಜನದ ಜೀವ ಉಳಿದಿದೆ. ನೀವು ಅವ್ರಿಗೆ ಸುಳ್ಳುಗಾರ ಅಂತೀರಾ?' ಅಂದ. ಸಂಜನಾ ಅದನ್ನ ಹಾಕ್ಕೊಂಡ್ರೆ ತಾನು ಬರಲ್ಲ, ಆ ಹಗ್ಗಕ್ಕೆ ಕಟ್ಟಿಕೊಳ್ಳಲ್ಲ ಅಂತ ಹೋಗ್ಬಿಟ್ಟ."

ಮಗನ ಹತ್ತಿರ ಮಾತಾಡುತ್ತೇನೆ ಎಂದಷ್ಟೇ ಹೇಳಿ ಬೋಜ ಫೋನು ಇಟ್ಟ. ಸವೆದ ಹಗ್ಗಕ್ಕೆ ಕೆಂಪು ಟ್ಯಾಗು ಕಟ್ಟಿ ಕ್ರೇನ್ ನಿಲ್ಲಿಸಿದ್ದು ನಿಜ. ಮೂರು ವರ್ಷ ಆಯಿತು. ಆದರೆ ಮನೆಯಲ್ಲಿ ಅವನು ಆ ಸುದ್ದಿ ಎತ್ತಿದವನೇ ಅಲ್ಲ. ಎದುರಿಗೆ ಕೂತಿದ್ದ ಯೂಸುಫನನ್ನು, ತನ್ನದೇ ಕಂಪನಿ ಬಸ್ಸಿನಲ್ಲಿ ಬರುವ ಬ್ಯಾರಿ ಗೆಳೆಯನನ್ನು, ಅನುಮಾನದಿಂದ ನೋಡಿದ.

"ಕೃತಿಕ್‌ಗೆ ಆ ಕ್ರೇನಿನ ಕತೆ ನೀನು ಹೇಳಿದ್ದಾ?"

"ಮತ್ತೆ ನೀನು ಹೇಳ್ತೀಯಾ?" ಯೂಸುಫ್ ನಕ್ಕ. "ಆ ವರ್ಷ ಕಂಪನಿಯ ಫ್ಯಾಮಿಲಿ ಡೇಗೆ ಬಂದಾಗ ಹೇಳಿದೆ ಮಾರಾಯ. ಅಂದಿನಿಂದ ನಿನ್ನ ಮಗ ಸಿಕ್ಕಿದಾಗೆಲ್ಲ ಕೇಳುದು ಒಂದೇ, 'ಯೂಸುಫಂಕಲ್, ಪಪ್ಪ ಮತ್ತೆ ಎಂತ ನಿಲ್ಲಿಸಿದ್ರು?' ನಿನ್ನ ಹತ್ರ ಕೇಳ್ಲಿಕ್ಕೆ ಅವನಿಗೆ ಹೆದರಿಕೆ."

ಅಂದರೆ ಮೂರು ವರ್ಷದಿಂದ ಹುಡುಗ ಅಪ್ಪನ ಮೇಲೆ ಅಭಿಮಾನ ಇಟ್ಟುಕೊಂಡಿದ್ದ. ಬೋಜ ಯಾವುದಕ್ಕಾಗಿ ಹೊಟ್ಟೆ ಉರಿಸಿಕೊಂಡು ಕೂತಿದ್ದನೋ ಅದು ಅವನದೇ ಆಗಿತ್ತು. ಅದನ್ನು ಗಳಿಸಿಕೊಟ್ಟದ್ದು ಅವನ ಸತ್ಯದ ಟ್ಯಾಗುಗಳು. ಆ ಸಾಲಿನ ಕೊನೆಗೆ ಈಗ ಒಂದು ಸುಳ್ಳು ಟ್ಯಾಗು ನೇತಾಡುತ್ತಿತ್ತು. ಸಂಕಟವಾಯಿತು. ಜೊತೆಗೆ, ನಾಚಿಕೆಯಿಲ್ಲದೆ ಹೇಳಬೇಕೆಂದರೆ, ಖುಷಿಯೂ ಆಯಿತು. ಮಗ ತನ್ನ ಪರವಾಗಿ ವಿನಯ್‌ನ ಜೊತೆ ಜಗಳ ಆಡಿದ್ದಾನೆ! ಆ ಮಾತನ್ನು ಅವನು ಬಸ್ಸಿನಲ್ಲಿ ಮೆಸಯೀದಿನಿಂದ ಮನೆಯವರೆಗೂ ಮತ್ತೆ ಮತ್ತೆ ಮೆಲುಕು ಹಾಕಿದ.

ಒಂದು ಮಾತು ಹೇಳಿದ್ದರೆ ಅಂದೇ ಮುಗಿಯುತ್ತಿತ್ತು. ಬೋಜ ನಾಳೆ ಹೇಳುತ್ತೇನೆಂದು ಬುಧವಾರ ದಾಟಿಸಿದ, ಗುರುವಾರ ದಾಟಿಸಿದ. ಅಷ್ಟರಲ್ಲಿ ಅಮ್ಮಂದಿರ ವಾಟ್ಸ್ಆ್ಯಪ್ ಗುಂಪಿಗೆ ಬೆಂಕಿ ಬಿದ್ದಿತ್ತು. ಮಕ್ಕಳ ಹಾರ್ನೆಸ್ಸಿನ ಪಕ್ಕದಲ್ಲಿ ಆಸಿಡ್ ಇಡುವ ಮನುಷ್ಯನ ಜೊತೆ ಹಿಮಕ್ಕೆ ಕಳಿಸುವುದು ಹೇಗೆ ಎಂದು ಡ್ಯಾರೆಲ್ ಎಂಬ ಹುಡುಗನ ತಾಯಿ ಬರೆದಳು. ತನ್ನ ಮಗ ಬರುವುದಿಲ್ಲ ಎಂದಳು. ಇನ್ನೂ ಒಂದು ಮನೆಯವರು ಹಿಂದೆ ಸರಿದರು. ಕೃತಿಕ್‌ನನ್ನೂ ಬಿಟ್ಟರೆ ಉಳಿದದ್ದು ಮೂವರು; ನಾಲ್ವರಿಗಿಂತ ಕಡಿಮೆಯಾದರೆ ಗೈಡುಗಳು ಬುಕಿಂಗ್ ರದ್ದು ಮಾಡುತ್ತಾರೆ. ಶುಕ್ರವಾರ ಬೆಳಿಗ್ಗೆ ವಿನಯ್ ಎಲ್ಲರನ್ನೂ ಅಲ್ ರಯ್ಯಾನಿನ ತನ್ನ ಮನೆಗೆ ಕರೆದ.

ಬಾಗಿಲ ಬಳಿ ಚಪ್ಪಲಿಗಳ ರಾಶಿ, ಒಳಗೆ ಬಿಗಿದ ಮುಖಗಳು. ಟೀಪಾಯಿಯ ಮೇಲೆ ಕೆಂಪು ಟ್ಯಾಗಿನ ಹಾರ್ನೆಸ್. ಸಂಜನಾ ಅತ್ತು ಕೆಂಪಾದ ಕಣ್ಣಿನಲ್ಲಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ವಿನಯ್ ಒಂದೇ ವಾರದಲ್ಲಿ ಇಳಿದು ಹೋಗಿದ್ದ.

"ಡಿಕ್ಕಿಯಲ್ಲಿ ಬ್ಯಾಟರಿ ಇಟ್ಟ ನೆನಪು ನನಗಿಲ್ಲ," ಎಂದ. "ಅದು ಕಾಫಿ ಅಂತಾನೇ ನಾನು ಅಂದ್ಕೊಂಡಿದ್ದೆ. ಆದ್ರೆ ಬೋಜ ಅವ್ರು ಈ ಕೆಲಸದಲ್ಲಿ ಪಳಗಿದೋರು. ಅವ್ರು ಅಲ್ಲ ಅಂದ್ಮೇಲೆ ನಂದೇ ತಪ್ಪು. ನನ್ ಮಗಳಿಗೂ ಅದೇ ಡಿಕ್ಕಿಯಲ್ಲಿದ್ದದ್ದನ್ನ ಕಟ್ಟಿದ್ದೆನಲ್ಲ ಅಂತ ನಿದ್ದೆ ಬರ್ತಿಲ್ಲ. ನಾನು ಬಿಟ್ಬಿಡ್ತೀನಿ. ಮಕ್ಕಳ ಆಸೆಗೆ ಕಲ್ಲು ಹಾಕ್ಬೇಡಿ. ಬೋಜ ಅವ್ರೇ, ನೀವು ಕರ್ಕೊಂಡು ಹೋಗಿ. ಬೆಟ್ಟದ ಮೇಲೆ ಹೇಗೂ ಗೈಡ್ ಇರ್ತಾರೆ. ನಿಮ್ಮಂಥೋರು ಜೊತೆಗಿದ್ರೆ ಎಲ್ಲಾ ಮನೆಯೋರಿಗೂ ಧೈರ್ಯ."

"ಹೌದು ಹೌದು," ಎಂದು ಎಲ್ಲರ ತಲೆಗಳೂ ಆಡಿದವು. ಡ್ಯಾರೆಲ್‌ನ ತಾಯಿ, ಬೋಜಣ್ಣ ಹೋದರೆ ತಮ್ಮ ಮಗನೂ ಬರುತ್ತಾನೆ ಎಂದಳು. ಕೃತಿಕ್ ಎದ್ದು ಬಂದು ಅಪ್ಪನ ಪಕ್ಕದಲ್ಲಿ ಕೂತ. ಎಷ್ಟೋ ವರ್ಷದ ಮೇಲೆ ಅಪ್ಪನಿಗೆ ಹೆಗಲು ತಾಗಿಸಿ ಕೂತ. ಅವನ ಮುಖದಲ್ಲಿ, ದಿಬ್ಬದ ಬುಡದಲ್ಲಿ ವಿನಯ್‌ಗಾಗಿ ಅರಳಿದ್ದ ಅದೇ ನಗು.

ಬೋಜನಿಗೆ ಬೇಕಾಗಿದ್ದುದೆಲ್ಲ ತಟ್ಟೆಯಲ್ಲಿ ಬಡಿಸಿದಂತೆ ಮುಂದೆ ಬಂದಿತ್ತು. ಹೂಂ ಎಂದರೆ ಸಾಕಿತ್ತು. ಆಗ ಅಡುಗೆಮನೆಯ ಬಾಗಿಲಲ್ಲಿದ್ದ ಹುಡುಗಿ ತನ್ನ ಅಪ್ಪನನ್ನು ನೋಡಿದಳು. ಒಮ್ಮೆ ನೋಡಿ, ಬೇಗನೆ ಕಣ್ಣು ತೆಗೆದಳು. ಅವಳಿಗೆ ತನ್ನಪ್ಪನ ಬಗ್ಗೆ ನಾಚಿಕೆಯಾಗಿತ್ತು. ಬೋಜ ಅದನ್ನು ಕಂಡ.

"ಅದು ಕಾಫಿ," ಎಂದ.

ಯಾರಿಗೂ ಅರ್ಥವಾಗಲಿಲ್ಲ.

"ಅದು ಕಾಫಿಯ ಕಲೆ. ಫೆಬ್ರವರಿಯಲ್ಲಿ ಇವ್ರು ಚೆಲ್ಲುವಾಗ ನಾನೇ ಪಕ್ಕದಲ್ಲಿ ಇದ್ದೆ. ಗೊತ್ತಿದ್ದೇ ಟ್ಯಾಗ್ ಕಟ್ಟಿದ್ದು ನಾನು. ಹಾರ್ನೆಸ್ ಸರಿ ಉಂಟು. ಹಗ್ಗ ಸರಿ ಉಂಟು. ವಿನಯ್ ಅವ್ರದ್ದು ಏನೂ ತಪ್ಪಿಲ್ಲ."

"ಮತ್ತೆ ಯಾಕೆ ಬೋಜಣ್ಣ?" ಎಂದು ಯಾರೋ ಕೇಳಿದರು.

"ಹೊಟ್ಟೆಕಿಚ್ಚಿಗೆ," ಎಂದ ಬೋಜ. ಟೀಪಾಯಿಯ ಹತ್ತಿರ ಹೋಗಿ ಮಂಡಿಯೂರಿ, ತಾನೇ ಕಟ್ಟಿದ್ದನ್ನು ತಾನೇ ಕತ್ತರಿಸಿದ. ಎಲ್ಲರೂ ನೋಡುತ್ತಿದ್ದರು. ವಿನಯ್ ಬೈಯಬಹುದೆಂದು ಕಾದ, ಅವನು ಬೈಯಲಿಲ್ಲ. "ಆಯ್ತು ಬಿಡಿ ಸಾರ್, ಆಯ್ತು," ಎಂದು ಇವನ ತೋಳು ಹಿಡಿದು ಎಬ್ಬಿಸಿದ. ಆ ಒಳ್ಳೆಯತನಕ್ಕೂ ಬೋಜನಿಗೆ ಉರಿಯಿತು.

ತಿರುಗಿ ನೋಡಿದಾಗ ಕೃತಿಕ್ ಸೋಫಾದ ಮೇಲೆ ಇರಲಿಲ್ಲ. ಕೆಳಗೆ ಕಾರಿನ ಹತ್ತಿರ ಬಿಸಿಲಲ್ಲಿ ನಿಂತಿದ್ದ. ಮನೆಗೆ ಹೊರಟ ಕಾರು ಅರ್ಧ ದಾರಿ ದಾಟಿತ್ತು. ಶರ್ಮಿಳಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

"ಪಪ್ಪ," ಹಿಂದಿನ ಸೀಟಿನಿಂದ ದನಿ ಬಂತು. "ಆ ಕ್ರೇನಿನದ್ದು. ಅದು ಟ್ರೂ ಅಲ್ವಾ?"

"ಅದು ಸತ್ಯ ಮಗಾ. ಪ್ಲಾಂಟಿನಲ್ಲಿ ನಾನು ಒಂದು ದಿನವೂ ಸುಳ್ಳು ಬರೆದವನಲ್ಲ."

"ಅದು ನನಗೆ ಹೇಗೆ ಗೊತ್ತಾಗ್ಬೇಕು ಪಪ್ಪ?" ಎಂದ ಕೃತಿಕ್. ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಹುಡುಗ ನಿಜವಾಗಿಯೂ ಕೇಳುತ್ತಿದ್ದ.

ಜುಲೈಯಲ್ಲಿ ಆರೂ ಮಂದಿ ಹೋದರು. ವಿನಯ್‌ನೇ ಕರೆದುಕೊಂಡು ಹೋದ. ಹೊರಡುವ ತನಕ ಕೃತಿಕ್ ಮನೆಯಲ್ಲಿ ಬೇಕಾದಷ್ಟು ಮಾತಾಡಿದ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ವಿಮಾನ ನಿಲ್ದಾಣದಲ್ಲಿ ಅಪ್ಪನ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದ. ಅಪರಿಚಿತರ ಮನೆಗೆ ಬಂದ ಒಳ್ಳೆಯ ಹುಡುಗನ ಹಾಗೆ ಇದ್ದ. ಯೂಸುಫನ ಹತ್ತಿರವೂ ಮತ್ತೆ ಏನನ್ನೂ ಕೇಳಲಿಲ್ಲವಂತೆ.

ಶಿಖರ ಹತ್ತುವ ಹಿಂದಿನ ದಿನ, ಸಂಜೆಗೆ ಮುಂಚೆ, ಬೆಟ್ಟದ ಮಧ್ಯದಲ್ಲಿರುವ ಕಲ್ಲಿನ ತಂಗುಮನೆಯಿಂದ ವಿಡಿಯೊ ಕರೆ ಬಂತು. ಶರ್ಮಿಳಾ ಅಡುಗೆಮನೆಯಲ್ಲಿದ್ದಳು, ಬೋಜನೇ ಎತ್ತಿದ. ಪರದೆಯ ತುಂಬ ಬಿಳಿ ಬೆಳಕು, ಹಿಂದೆ ಹಿಮ. ಕೃತಿಕ್‌ನ ಮೂಗು ಬಿಸಿಲಿಗೆ ಸುಲಿದಿತ್ತು. ಗೈಡ್ ಎಲ್ಲರಿಗೂ ಹಾರ್ನೆಸ್ ಕಟ್ಟಿಸಿ ನಡೆಯುವ ಅಭ್ಯಾಸ ಮಾಡಿಸಿದ್ದ. ನಾಳೆ ಹುಡುಗ ಕಟ್ಟಿಕೊಳ್ಳುವ ಹಗ್ಗದ ಹಿಂದಿನ ತುದಿಯಲ್ಲಿ ವಿನಯ್ ಇರುತ್ತಾನಂತೆ. ಬೋಜ ಕೇಳಿಸಿಕೊಂಡ. ಅವನ ಕಣ್ಣು ತಾನಾಗಿಯೇ ಮಗನ ಸೊಂಟಕ್ಕೆ ಇಳಿದು, ಬಕಲ್‌ನಿಂದ ಪಟ್ಟಿಗೆ, ಪಟ್ಟಿಯಿಂದ ಗಂಟಿಗೆ ಓಡಲು ಹೊರಟಿತು.

"ವಿನಯ್ ಅಂಕಲ್ ಚೆಕ್ ಮಾಡಿದ್ರು ಪಪ್ಪ. ಎಲ್ಲ ಸರಿ ಉಂಟಂತೆ," ಎಂದು ಕೃತಿಕ್ ಫೋನನ್ನು ಮುಖಕ್ಕೆ ಎತ್ತಿದ. ಈಗ ಪರದೆಯಲ್ಲಿ ಕುತ್ತಿಗೆಯಿಂದ ಕೆಳಗೆ ಏನೂ ಕಾಣುತ್ತಿರಲಿಲ್ಲ.

ಪಕ್ಕದಿಂದ ವಿನಯ್ ಇಣುಕಿದ. "ಬೋಜ ಅವ್ರೇ, ನೀವೂ ಒಂದ್ಸಲ ನೋಡ್ಬಿಡಿ ಸಾರ್. ಏಯ್, ತೋರ್ಸೋ ಅಪ್ಪನಿಗೆ."

ಕೃತಿಕ್ ಫೋನು ಇಳಿಸಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಅಪ್ಪನ ಕಡೆ ನೋಡದೆ ಎಲ್ಲೋ ಹಿಮದ ಕಡೆ ನೋಡುತ್ತ ನಿಂತ.

"ಬೇಡ ವಿನಯ್ ಅವ್ರೇ," ಎಂದ ಬೋಜ. "ನೀವು ನೋಡಿದ್ದೀರಲ್ಲ. ಸಾಕು."

ಅಡುಗೆಮನೆಯಿಂದ ಶರ್ಮಿಳಾ ಕೈ ಒರೆಸಿಕೊಳ್ಳುತ್ತ ಓಡಿ ಬರುವಷ್ಟರಲ್ಲಿ ಕರೆ ಕಡಿದಿತ್ತು. "ಛೇ, ನನಗೆ ಕೊಡ್ಲಿಕ್ಕೆ ಆಗ್ಲಿಲ್ವಾ? ಅವನ ಬೆಲ್ಟ್ ಎಲ್ಲ ನೀವು ಸರಿಯಾಗಿ ನೋಡಿದ್ರಾ?" ಎಂದು ಕೇಳಿದಳು.

"ವಿನಯ್ ನೋಡಿದ್ದಾರೆ," ಎಂದ ಬೋಜ.